ಹೊಸ ಸೂಪರ್‌ಹೀರೊಗಳು ಸೋಲುವಾಗ ಹಳಬರಿಗೆ ಯಾಕಿಷ್ಟು ಬೇಡಿಕೆ?

2025ರ ಮಾರ್ಚ್‌ನಲ್ಲಿ ಮಾರ್ವೆಲ್ ಸ್ಟುಡಿಯೋಸ್ ಆನ್‌ಲೈನ್‌ನಲ್ಲಿ ಒಂದು ನೇರ ಪ್ರಸಾರ ಮಾಡಿತು. ಅದು ಐದು ಗಂಟೆಗೂ ಜಾಸ್ತಿ ಹೊತ್ತು ನಡೆಯಿತು. ಅದರಲ್ಲಿ ತೋರಿಸಿದ್ದು ಸಾಲಾಗಿ ಇಟ್ಟ ಕುರ್ಚಿಗಳನ್ನು, ಅವುಗಳ ಬೆನ್ನ ಮೇಲಿದ್ದ ನಟರ ಹೆಸರುಗಳನ್ನು. 'ಅವೆಂಜರ್ಸ್: ಡೂಮ್ಸ್‌ಡೇ' ಚಿತ್ರದಲ್ಲಿ ಯಾರೆಲ್ಲ ಇರುತ್ತಾರೆ ಅಂತ ಹೇಳುವ ರೀತಿ ಅದು. ಆ ಪಟ್ಟಿಯಲ್ಲಿ ಪ್ಯಾಟ್ರಿಕ್ ಸ್ಟೀವರ್ಟ್, ಇಯಾನ್ ಮೆಕೆಲೆನ್, ಜೇಮ್ಸ್ ಮಾರ್ಸ್‌ಡೆನ್ ಇದ್ದರು. ಇವರೆಲ್ಲ 2000ನೇ ಇಸವಿಯ 'ಎಕ್ಸ್-ಮೆನ್' ಚಿತ್ರದವರು. ಅದನ್ನು ಮಾಡಿದ್ದು ಬೇರೆ ಸ್ಟುಡಿಯೊ, ಅದರ ಕಥೆಯೂ ಬೇರೆ. ಇನ್ನು 2019ರಲ್ಲಿ ಐರನ್ ಮ್ಯಾನ್ ಆಗಿ ತೆರೆಯ ಮೇಲೆ ಪ್ರಾಣಬಿಟ್ಟ ರಾಬರ್ಟ್ ಡೌನಿ ಜೂನಿಯರ್ ಈಗ ಖಳನಾಯಕ ಡಾಕ್ಟರ್ ಡೂಮ್ ಆಗಿ ಬರುತ್ತಿದ್ದಾರೆ.

ಸಿನಿಮಾ ಸುದ್ದಿ ಓದುವ ಎಷ್ಟೋ ಜನರಿಗೆ ಇಲ್ಲಿ ಗೊಂದಲವಾಗುತ್ತದೆ. ಒಂದು ಕಡೆ, ಪ್ರೇಕ್ಷಕರಿಗೆ ಸೂಪರ್‌ಹೀರೊ ಸಿನಿಮಾ ಸಾಕಾಗಿದೆ ಅನ್ನುವ ವರದಿಗಳು. 2023ರ 'ದಿ ಮಾರ್ವೆಲ್ಸ್' ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 20 ಕೋಟಿ ಡಾಲರ್ ಮಾತ್ರ. ಆ ಸರಣಿಯಲ್ಲೇ ಅದು ತೀರಾ ಕಡಿಮೆ. ಇನ್ನೊಂದು ಕಡೆ, ಇಪ್ಪತ್ತು ಮೂವತ್ತು ವರ್ಷ ಹಳೆಯ ಸೂಪರ್‌ಹೀರೊಗಳು ಬಂದರೆ ಥಿಯೇಟರ್‌ನಲ್ಲಿ ಶಿಳ್ಳೆ. ಸಾಕಾಗಿದ್ದರೆ ಎರಡೂ ಸಾಕಾಗಬೇಕಿತ್ತು, ಅಲ್ವಾ?

## ಜನ ದಣಿದದ್ದು ಯಾವುದರಿಂದ?

2008ರ 'ಐರನ್ ಮ್ಯಾನ್'ನಿಂದ 2019ರ 'ಅವೆಂಜರ್ಸ್: ಎಂಡ್‌ಗೇಮ್'ವರೆಗೆ ಮಾರ್ವೆಲ್ 22 ಸಿನಿಮಾ ತೆಗೆಯಿತು. ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಕಥೆಗಳು. ಈ ಹೆಣಿಗೆಯೇ ಅದರ ದೊಡ್ಡ ಶಕ್ತಿಯಾಗಿತ್ತು. 'ಎಂಡ್‌ಗೇಮ್' ಹತ್ತಿರ ಹತ್ತಿರ 280 ಕೋಟಿ ಡಾಲರ್ ಗಳಿಸಿತು. ಆಮೇಲೆ ಅದೇ ಹೆಣಿಗೆ ಭಾರವಾಯಿತು. 2021ರಿಂದ ಒಟಿಟಿ ಸರಣಿಗಳೂ ಅದೇ ಕಥೆಗೆ ಸೇರಿಕೊಂಡವು. 'ದಿ ಮಾರ್ವೆಲ್ಸ್' ಪೂರ್ತಿ ಅರ್ಥವಾಗಬೇಕಾದರೆ ಒಂದು ಹಳೇ ಸಿನಿಮಾ ಜೊತೆಗೆ ಎರಡು ಒಟಿಟಿ ಸರಣಿಗಳನ್ನೂ ನೋಡಿರಬೇಕಿತ್ತು. ಮನರಂಜನೆ ಹೋಂವರ್ಕ್ ಆದಾಗ ಜನ ಹಿಂದೆ ಸರಿಯುವುದು ಸಹಜ.

ಹಳೇ ಸಿನಿಮಾಗಳಲ್ಲಿ ಈ ಭಾರ ಇಲ್ಲ. 1989ರ 'ಬ್ಯಾಟ್‌ಮನ್' ನೋಡಲು ಬೇರೆ ಏನೂ ಗೊತ್ತಿರಬೇಕಿಲ್ಲ. ಎರಡು ಗಂಟೆ ಕೂತರೆ ಕಥೆ ಶುರುವಾಗಿ, ಬೆಳೆದು, ಮುಗಿಯುತ್ತದೆ. ಹಾಗಾಗಿ ಜನ ದಣಿದದ್ದು ಸೂಪರ್‌ಹೀರೊಗಳಿಂದ ಅಲ್ಲ, ಮುಗಿಯದ ಕಥೆಗಳಿಂದ ಅನ್ನುವುದು ಹೆಚ್ಚು ಸರಿ ಅನ್ನಿಸುತ್ತದೆ. ಹಳೇ ಸಿನಿಮಾದ ಕಡೆಗಿನ ಈ ಎಳೆತವನ್ನು ಬರೀ ಬಾಲ್ಯದ ನೆನಪು ಅಂತ ತಳ್ಳಿಹಾಕಿದರೆ ಈ ಕಾರಣ ಕಣ್ಣಿಗೆ ಬೀಳುವುದಿಲ್ಲ.

ನೆನಪಿನ ಪಾಲೂ ಇದೆ, ನಿಜ. ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನಡುವೆ ಕಂಡದ್ದು, ಕೇಳಿದ್ದು ಉಳಿದ ವರ್ಷಗಳದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ ಅಂತ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. 2002ರಲ್ಲಿ 'ಸ್ಪೈಡರ್-ಮ್ಯಾನ್' ನೋಡಿದ ಮಕ್ಕಳು ಈಗ ಮೂವತ್ತು ದಾಟಿದ್ದಾರೆ. ಟಿಕೆಟ್‌ಗೆ ದುಡ್ಡು ಕೊಡುವವರು ಅವರೇ, ಸ್ಟುಡಿಯೊಗಳಲ್ಲಿ ಕೂತು ಯಾವ ಸಿನಿಮಾ ಆಗಬೇಕು ಅಂತ ತೀರ್ಮಾನಿಸುವವರಲ್ಲೂ ಅದೇ ತಲೆಮಾರಿನವರು ಬಂದಿದ್ದಾರೆ.

## ಕಥೆಯ ಹಿಂದೆ ಒಂದು ಹಕ್ಕಿನ ವ್ಯವಹಾರ

ಹಳಬರು ಈಗಲೇ ಯಾಕೆ ಬಂದರು ಅನ್ನುವ ಪ್ರಶ್ನೆಗೆ ಉತ್ತರ ಕಥೆಗಾರರ ಕೋಣೆಯಲ್ಲಿ ಅಷ್ಟಾಗಿ ಸಿಗುವುದಿಲ್ಲ. ಅದು ಒಪ್ಪಂದದ ಕಾಗದಗಳಲ್ಲಿದೆ.

ಮಾರ್ವೆಲ್ ಕಂಪನಿ 1996ರ ಕೊನೆಯಲ್ಲಿ ದಿವಾಳಿ ಅರ್ಜಿ ಹಾಕಿತ್ತು. ತೊಂಬತ್ತರ ದಶಕದಲ್ಲಿ ತನ್ನ ಪಾತ್ರಗಳ ಸಿನಿಮಾ ಹಕ್ಕನ್ನು ಒಂದೊಂದು ಕಡೆ ಮಾರಿತು. ಎಕ್ಸ್-ಮೆನ್ ಫಾಕ್ಸ್‌ಗೆ ಹೋಯಿತು, ಸ್ಪೈಡರ್-ಮ್ಯಾನ್ ಸೋನಿಗೆ. ಆದ್ದರಿಂದ ಕಾಮಿಕ್ಸ್ ಪುಸ್ತಕದಲ್ಲಿ ಒಟ್ಟಿಗೆ ಹೋರಾಡುತ್ತಿದ್ದ ಪಾತ್ರಗಳು ತೆರೆಯ ಮೇಲೆ ಒಬ್ಬರನ್ನೊಬ್ಬರು ನೋಡುವಂತೆಯೇ ಇರಲಿಲ್ಲ. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಮಾರ್ವೆಲ್ ಅನ್ನು ಕೊಂಡಿತು. 2015ರಲ್ಲಿ ಸ್ಪೈಡರ್-ಮ್ಯಾನ್ ಬಗ್ಗೆ ಸೋನಿ ಮತ್ತು ಮಾರ್ವೆಲ್ ನಡುವೆ ಒಪ್ಪಂದವಾಯಿತು. 2019ರಲ್ಲಿ ಫಾಕ್ಸ್‌ನ ಸಿನಿಮಾ ವ್ಯವಹಾರವೂ ಡಿಸ್ನಿ ಕೈಗೆ ಬಂತು. ಆ ಇಡೀ ಖರೀದಿಯ ಮೊತ್ತ 7,100 ಕೋಟಿ ಡಾಲರ್‌ಗೂ ಜಾಸ್ತಿ.

ಇದರ ಫಲ ಬೇಗನೆ ಕಂಡಿತು. 2021ರ 'ಸ್ಪೈಡರ್-ಮ್ಯಾನ್: ನೋ ವೇ ಹೋಮ್'ನಲ್ಲಿ ಮೂರು ಕಾಲದ ಮೂವರು ಸ್ಪೈಡರ್-ಮ್ಯಾನ್‌ಗಳು ಒಟ್ಟಿಗೆ ನಿಂತರು. ಗಳಿಕೆ 190 ಕೋಟಿ ಡಾಲರ್ ಮುಟ್ಟಿತು. 2024ರ 'ಡೆಡ್‌ಪೂಲ್ ಆ್ಯಂಡ್ ವುಲ್ವರಿನ್' 130 ಕೋಟಿ ಡಾಲರ್ ದಾಟಿತು. ಅದರಲ್ಲಿ 1998ರ 'ಬ್ಲೇಡ್' ಪಾತ್ರದಲ್ಲಿ ವೆಸ್ಲಿ ಸ್ನೈಪ್ಸ್ ಮತ್ತೆ ಬಂದರು.

ಈ ಸಿನಿಮಾಗಳಲ್ಲಿ ಪದೇ ಪದೇ ಬರುವ 'ಮಲ್ಟಿವರ್ಸ್', ಅಂದರೆ ಅಕ್ಕಪಕ್ಕದಲ್ಲಿರುವ ಹಲವು ಲೋಕಗಳು ಅನ್ನುವ ಕಲ್ಪನೆ, ಕಾಮಿಕ್ಸ್‌ನಲ್ಲಿ ತುಂಬಾ ಹಳೆಯದು. ಆದರೆ ಸಿನಿಮಾಕ್ಕೆ ಅದು ಈಗ ಇಷ್ಟು ಬೇಕಾಗಿರುವುದಕ್ಕೆ ಕಾರಣ ಸರಳ. ಬೇರೆ ಬೇರೆ ಸ್ಟುಡಿಯೊಗಳು ಬೇರೆ ಬೇರೆ ಕಾಲದಲ್ಲಿ ಮಾಡಿದ ಸಿನಿಮಾಗಳನ್ನು ಒಂದೇ ಕಥೆಯೊಳಗೆ ತರಲು ಅದಕ್ಕಿಂತ ಸುಲಭದ ದಾರಿ ಇಲ್ಲ.

## ಥಿಯೇಟರ್‌ಗಳ ಅಗತ್ಯ

ಹಳೇ ಸಿನಿಮಾಗಳ ಮರುಬಿಡುಗಡೆಗೆ ಇನ್ನೊಂದು ಕಾರಣವೂ ಇದೆ. 2023ರಲ್ಲಿ ಹಾಲಿವುಡ್‌ನ ಬರಹಗಾರರು ಮೇ ತಿಂಗಳಿಂದ, ನಟರು ಜುಲೈಯಿಂದ ಮುಷ್ಕರ ಹೂಡಿದರು. ಚಿತ್ರೀಕರಣಗಳು ನಿಂತವು, 2024ರಲ್ಲಿ ಬರಬೇಕಿದ್ದ ಚಿತ್ರಗಳು ಮುಂದೆ ಹೋದವು. ಥಿಯೇಟರ್‌ಗಳಿಗೆ ತೋರಿಸಲು ಸಿನಿಮಾ ಬೇಕಿತ್ತು. 2024ರಲ್ಲಿ ಸೋನಿ ತನ್ನ ಸ್ಪೈಡರ್-ಮ್ಯಾನ್ ಚಿತ್ರಗಳನ್ನು ವಾರಕ್ಕೊಂದರಂತೆ ಮತ್ತೆ ಥಿಯೇಟರ್‌ಗೆ ತಂದಿತು. ಹಳೇ ಚಿತ್ರಕ್ಕೆ ಹೊಸದಾಗಿ ಚಿತ್ರೀಕರಣದ ಖರ್ಚಿಲ್ಲ, ಪ್ರಚಾರದ ಖರ್ಚೂ ಕಡಿಮೆ. ಸ್ವಲ್ಪ ಜನ ಬಂದರೂ ನಷ್ಟವಿಲ್ಲ.

## ಕಲ್ಟ್ ಸಿನಿಮಾ ಹುಟ್ಟುವುದು ಬಿಡುಗಡೆಯಾದ ಮೇಲೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕಲ್ಟ್ ಸಿನಿಮಾ ಅಂದರೆ ಮೊದಲ ಸಲ ಸೋತು ಅಥವಾ ಯಾರ ಗಮನಕ್ಕೂ ಬಾರದೆ ಹೋಗಿ, ಆಮೇಲೆ ಒಂದು ಗುಂಪು ಎದೆಗೆ ಹಚ್ಚಿಕೊಂಡ ಸಿನಿಮಾ. ಅಂಥದ್ದನ್ನು ಯಾವ ಸ್ಟುಡಿಯೊವೂ ಯೋಜನೆ ಹಾಕಿ ಮಾಡಲು ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಎರಡನೇ ಅವಕಾಶ. ಚರಿತ್ರೆ ನೋಡಿದರೆ ಆ ಅವಕಾಶ ಒಂದೊಂದು ಕಾಲದಲ್ಲಿ ಒಂದೊಂದು ಬಾಗಿಲಿನಿಂದ ಬಂದಿದೆ.

1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಬಿಡುಗಡೆಯಾದಾಗ ದುಡ್ಡು ಮಾಡಲಿಲ್ಲ. 1974ರಲ್ಲಿ ಅದರ ಕಾಪಿರೈಟ್ ನವೀಕರಿಸುವುದು ತಪ್ಪಿಹೋಯಿತು. ಟಿವಿ ಚಾನೆಲ್‌ಗಳಿಗೆ ಪುಕ್ಕಟೆ ಸಿನಿಮಾ ಸಿಕ್ಕಂತಾಯಿತು. ಪ್ರತಿ ಕ್ರಿಸ್‌ಮಸ್‌ಗೂ ಹಾಕಿದರು. ಜನ ನೋಡಿದರು, ಮರುವರ್ಷ ಮತ್ತೆ ನೋಡಿದರು. ಇವತ್ತು ಅಮೆರಿಕದ ಅತ್ಯಂತ ಪ್ರೀತಿಯ ಸಿನಿಮಾಗಳಲ್ಲಿ ಅದೂ ಒಂದು. ಸಿನಿಮಾ ಒಂದಿಷ್ಟೂ ಬದಲಾಗಿರಲಿಲ್ಲ, ಸಿಗುವುದು ಸುಲಭವಾಯಿತು ಅಷ್ಟೇ.

1975ರ 'ದಿ ರಾಕಿ ಹಾರರ್ ಪಿಕ್ಚರ್ ಶೋ' ಕೂಡ ಸೋತಿತ್ತು. 1976ರಲ್ಲಿ ನ್ಯೂಯಾರ್ಕ್‌ನ ವೇವರ್ಲಿ ಥಿಯೇಟರ್ ಅದನ್ನು ಮಧ್ಯರಾತ್ರಿ ಶೋಗೆ ಹಾಕಿತು. ಬಂದವರೇ ಮತ್ತೆ ಬಂದರು, ವೇಷ ಹಾಕಿಕೊಂಡು ಬಂದರು, ಪರದೆಗೆ ಎದುರು ಮಾತಾಡಿದರು. 1982ರ 'ಬ್ಲೇಡ್ ರನ್ನರ್' ಗಲ್ಲಾಪೆಟ್ಟಿಗೆಯಲ್ಲಿ ಮುಗ್ಗರಿಸಿ ವಿಡಿಯೊ ಕ್ಯಾಸೆಟ್‌ನಲ್ಲಿ ಗೆದ್ದಿತು. 1999ರ 'ಫೈಟ್ ಕ್ಲಬ್' ಥಿಯೇಟರ್‌ನಲ್ಲಿ ಸ್ಟುಡಿಯೊಗೆ ನಿರಾಸೆ ತಂದು, ಡಿವಿಡಿಯಲ್ಲಿ ಮನೆಮಾತಾಯಿತು.

ಸೂಪರ್‌ಹೀರೊಗಳ ಲೋಕದಿಂದ ಒಂದು ಉದಾಹರಣೆ ಬೇಕೆಂದರೆ 2000ನೇ ಇಸವಿಯ 'ಅನ್‌ಬ್ರೇಕಬಲ್' ನೋಡಬೇಕು. ರೈಲು ಅಪಘಾತದಲ್ಲಿ ಒಬ್ಬನೇ ಬದುಕುಳಿಯುವ ಸಾಮಾನ್ಯ ಕಾವಲುಗಾರ, ತನಗೆ ಅಸಾಮಾನ್ಯ ಶಕ್ತಿ ಇದೆ ಅಂತ ಮೆಲ್ಲಗೆ ಕಂಡುಕೊಳ್ಳುವ ಕಥೆ ಅದು. ಕಾಮಿಕ್ಸ್ ಸಿನಿಮಾ ಅಂದರೆ ಜನ ಬರುವುದಿಲ್ಲ ಎಂಬ ಭಯದಲ್ಲಿ ಸ್ಟುಡಿಯೊ ಅದನ್ನು ಥ್ರಿಲ್ಲರ್ ಅಂತ ಪ್ರಚಾರ ಮಾಡಿತು. ಥ್ರಿಲ್ಲರ್‌ಗೆ ಅಂತ ಬಂದವರಿಗೆ ಅದು ನಿಧಾನ ಅನ್ನಿಸಿತು. ಸೂಪರ್‌ಹೀರೊ ಸಿನಿಮಾ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತಾದ ಮೇಲೆ ನೋಡಿದರೆ, ಆ ನಿಧಾನವೇ ಅದರ ಹೆಚ್ಚುಗಾರಿಕೆ. ತನಗೆ ಶಕ್ತಿ ಇದೆ ಅಂತ ಒಪ್ಪಿಕೊಳ್ಳುವುದು ಒಬ್ಬ ಮನುಷ್ಯನಿಗೆ ಎಷ್ಟು ಕಷ್ಟ ಅನ್ನುವುದನ್ನು ಅಷ್ಟು ತಾಳ್ಮೆಯಿಂದ ತೋರಿಸಿದ ಸೂಪರ್‌ಹೀರೊ ಸಿನಿಮಾ ಇನ್ನೊಂದಿಲ್ಲ. ಹದಿನಾರು ವರ್ಷದ ನಂತರ ನಿರ್ದೇಶಕರು ಅದರ ಕಥೆಯನ್ನು ಮುಂದುವರಿಸಿದರು.

1994ರ 'ಫೆಂಟಾಸ್ಟಿಕ್ ಫೋರ್' ಕಥೆ ಇನ್ನೂ ವಿಚಿತ್ರ. ಹಕ್ಕು ಕೈತಪ್ಪದಿರಲಿ ಅಂತ ತೀರಾ ಕಡಿಮೆ ದುಡ್ಡಿನಲ್ಲಿ ಮಾಡಿದ ಸಿನಿಮಾ ಅದು. ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ. ಕಳ್ಳ ಕ್ಯಾಸೆಟ್‌ಗಳಲ್ಲಿ ಕೈಯಿಂದ ಕೈಗೆ ಹೋಗಿ ಉಳಿಯಿತು. 2025ರಲ್ಲಿ ಮಾರ್ವೆಲ್ ತನ್ನ ಹೊಸ 'ಫೆಂಟಾಸ್ಟಿಕ್ ಫೋರ್' ಮಾಡಿದಾಗ ಆ ಹಳೇ ನಟರನ್ನು ಕರೆದು ಸಣ್ಣ ಪಾತ್ರ ಕೊಟ್ಟಿತು. ಮುಚ್ಚಿಟ್ಟ ಸಿನಿಮಾಕ್ಕೆ ಮೂವತ್ತು ವರ್ಷದ ನಂತರ ಸಿಕ್ಕ ಮರ್ಯಾದೆ ಅದು. ಆ ಮರ್ಯಾದೆ ಕಾಪಾಡಿಕೊಟ್ಟವರು ಪ್ರೇಕ್ಷಕರು.

## ಮತ್ತೆ ನೋಡಿದಾಗ ಕಾಣುವುದು

1978ರ 'ಸೂಪರ್‌ಮ್ಯಾನ್'ನಲ್ಲಿ ಮನುಷ್ಯ ಹಾರುವುದನ್ನು ತೋರಿಸಲು ಕಂಪ್ಯೂಟರ್ ಗ್ರಾಫಿಕ್ಸ್ ಇರಲಿಲ್ಲ. ತಂತಿ, ಕ್ರೇನ್, ಮತ್ತು ನಟನ ಹಿಂದೆ ಬೇರೆ ದೃಶ್ಯವನ್ನು ಪ್ರೊಜೆಕ್ಟ್ ಮಾಡುವ ವಿಶೇಷ ಉಪಕರಣ ಬಳಸಿದರು. ಈಗ ನೋಡಿದರೆ ಅಲ್ಲಲ್ಲಿ ಅಂಚುಗಳು ಕಾಣುತ್ತವೆ. ಆದರೆ ಕ್ರಿಸ್ಟೋಫರ್ ರೀವ್ ತಮ್ಮ ಮೈಯನ್ನು ತಿರುಗಿಸುವ ರೀತಿಯಲ್ಲೇ ಹಾರುವುದು ನಿಜ ಅನ್ನಿಸುತ್ತದೆ. ಕನ್ನಡಕ ತೆಗೆದು, ಬೆನ್ನು ನೆಟ್ಟಗೆ ಮಾಡಿ, ದನಿ ಗಟ್ಟಿ ಮಾಡಿ ಒಂದೇ ಶಾಟ್‌ನಲ್ಲಿ ಅವರು ಕ್ಲಾರ್ಕ್ ಕೆಂಟ್‌ನಿಂದ ಸೂಪರ್‌ಮ್ಯಾನ್ ಆಗುವುದನ್ನು ಯಾವ ತಂತ್ರಜ್ಞಾನವೂ ಮಾಡಿಕೊಟ್ಟಿಲ್ಲ. 1989ರ 'ಬ್ಯಾಟ್‌ಮನ್'ಗೆ ಆಂಟನ್ ಫರ್ಸ್ಟ್ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ ಗಾಥಂ ನಗರದ ಬೀದಿಗಳನ್ನು ಕಟ್ಟಿಸಿದರು. ಅದಕ್ಕೆ ಆಸ್ಕರ್ ಬಂತು. ಆ ಬೀದಿಗಳಲ್ಲಿ ಬೆಳಕು ಬೀಳುವ ರೀತಿ ಇವತ್ತಿಗೂ ಮಾಸಿಲ್ಲ.

ಕಾಲ ಕೆಲವು ದೃಶ್ಯಗಳಿಗೆ ಹೊಸ ಅರ್ಥವನ್ನೂ ಕೊಡುತ್ತದೆ. 2002ರ 'ಸ್ಪೈಡರ್-ಮ್ಯಾನ್'ನ ಒಂದು ಟ್ರೇಲರ್‌ನಲ್ಲಿ ಅವಳಿ ಗೋಪುರಗಳ ನಡುವೆ ಬಲೆ ಇತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅದನ್ನು ಹಿಂದೆ ತೆಗೆದುಕೊಂಡರು. ಸಿನಿಮಾದ ಕೊನೆಯಲ್ಲಿ ಸೇತುವೆ ಮೇಲೆ ನಿಂತ ನ್ಯೂಯಾರ್ಕ್ ಜನ ಖಳನಾಯಕನ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. ಈ ಹಿನ್ನೆಲೆ ಗೊತ್ತಿದ್ದರೆ ಆ ದೃಶ್ಯ ಬೇರೆಯೇ ಆಗಿ ತಟ್ಟುತ್ತದೆ. ಹಾಗೆಯೇ, ಕಪ್ಪು ಸೂಪರ್‌ಹೀರೊ ಅಂದರೆ 2018ರ 'ಬ್ಲ್ಯಾಕ್ ಪ್ಯಾಂಥರ್' ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೂ ಇಪ್ಪತ್ತು ವರ್ಷ ಮೊದಲು 'ಬ್ಲೇಡ್' ಬಂದು ಗೆದ್ದಿತ್ತು.

ಮತ್ತೆ ನೋಡಿದಾಗ ಕೊರತೆಯೂ ಎದ್ದು ಕಾಣುತ್ತದೆ. ಎಷ್ಟೋ ಚಿತ್ರಗಳಲ್ಲಿ ನಾಯಕಿಯ ಕೆಲಸ ಬೀಳುವುದು, ಕೂಗುವುದು, ನಾಯಕ ಬಂದು ಉಳಿಸಲಿ ಅಂತ ಕಾಯುವುದು. 1997ರ 'ಬ್ಯಾಟ್‌ಮನ್ ಆ್ಯಂಡ್ ರಾಬಿನ್'ನಲ್ಲಿ ಆಟಿಕೆ ಮಾರಾಟದ ಲೆಕ್ಕಾಚಾರ ಕಥೆಗಿಂತ ಮುಂದಿತ್ತು, ಅದರ ಸೋಲಿನಿಂದ ಬ್ಯಾಟ್‌ಮನ್ ಎಂಟು ವರ್ಷ ತೆರೆಗೆ ಬರಲಿಲ್ಲ. ಈಗ ಅದನ್ನೂ ಮುತ್ತು ಅನ್ನುವವರಿದ್ದಾರೆ. ಸೋತ ಸಿನಿಮಾಗಳೆಲ್ಲ ಅರ್ಥವಾಗದೆ ಹೋದ ಸಿನಿಮಾಗಳಲ್ಲ. ಕೆಲವು ಸುಮ್ನೆ ಕೆಟ್ಟ ಸಿನಿಮಾಗಳು.

## ಇದು ಒಳ್ಳೆಯದಾ, ಕೆಟ್ಟದ್ದಾ?

ಒಂದು ಗುಂಪಿನ ವಾದ ಹೀಗಿದೆ. ಹಳೆಯದಕ್ಕೆ ಹಾಕುವ ಪ್ರತಿ ಡಾಲರ್ ಹೊಸ ಕಥೆಯಿಂದ ಕಿತ್ತುಕೊಂಡದ್ದು. 2019ರಲ್ಲಿ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಮಾರ್ವೆಲ್ ಚಿತ್ರಗಳನ್ನು ಥೀಮ್ ಪಾರ್ಕ್‌ಗೆ ಹೋಲಿಸಿದಾಗ ಅವರ ಚಿಂತೆ ಇದ್ದದ್ದು ಅಪಾಯಕ್ಕೆ ಕೈ ಹಾಕದ ಸಿನಿಮಾಗಳ ಬಗ್ಗೆ. ಹಳೇ ಮುಖ ತೋರಿಸಿ ಚಪ್ಪಾಳೆ ಗಿಟ್ಟಿಸುವುದಕ್ಕೆ ಅಪಾಯ ಇನ್ನೂ ಕಡಿಮೆ.

ಎದುರು ವಾದವೂ ಗಟ್ಟಿಯಾಗಿದೆ. ಮರುನೋಟ ಅನ್ಯಾಯವನ್ನು ಸರಿಪಡಿಸುತ್ತದೆ. ಮೈಕಲ್ ಕೀಟನ್ ಬ್ಯಾಟ್‌ಮನ್ ಅಂತ ಘೋಷಣೆಯಾದಾಗ ವಾರ್ನರ್ ಬ್ರದರ್ಸ್‌ಗೆ ಸುಮಾರು 50,000 ವಿರೋಧದ ಪತ್ರಗಳು ಬಂದವು ಅಂತ ವರದಿಯಾಗಿತ್ತು. ಹಾಸ್ಯ ನಟ ಬ್ಯಾಟ್‌ಮನ್ ಹೇಗಾಗುತ್ತಾನೆ ಅನ್ನುವುದು ತಕರಾರು. ಇವತ್ತು ಅವರನ್ನೇ ಅತ್ಯುತ್ತಮ ಬ್ಯಾಟ್‌ಮನ್ ಅನ್ನುವವರು ತುಂಬಾ ಜನ.

ಆದರೆ ಅದೇ ಕೀಟನ್ 2023ರ 'ದಿ ಫ್ಲ್ಯಾಶ್'ನಲ್ಲಿ ಮತ್ತೆ ಬಂದಾಗ ಸಿನಿಮಾ ಸೋತಿತು. ಸುಮಾರು 20 ಕೋಟಿ ಡಾಲರ್ ಖರ್ಚಿನ ಚಿತ್ರ ಗಳಿಸಿದ್ದು 27 ಕೋಟಿ. ಥಿಯೇಟರ್‌ಗಳ ಪಾಲು ಮತ್ತು ಪ್ರಚಾರದ ಖರ್ಚು ಕಳೆದರೆ ಅದು ನಷ್ಟವೇ. ಅದೇ ಚಿತ್ರದಲ್ಲಿ 2004ರಲ್ಲಿ ತೀರಿಕೊಂಡ ಕ್ರಿಸ್ಟೋಫರ್ ರೀವ್ ಅವರ ಮುಖವನ್ನು ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸಿದರು. ಬಹಳ ಜನಕ್ಕೆ ಅದು ಗೌರವ ಅನ್ನಿಸಲಿಲ್ಲ. ಅನ್ನಿಸಬೇಕಾಗಿಯೂ ಇಲ್ಲ. 'ನೋ ವೇ ಹೋಮ್'ನಲ್ಲಿ ಹಳೇ ಸ್ಪೈಡರ್-ಮ್ಯಾನ್‌ಗಳಿಗೆ ಮಾಡಲು ಕೆಲಸವಿತ್ತು, ಹೇಳಿಕೊಳ್ಳಲು ನೋವಿತ್ತು. ಇಲ್ಲಿ ಸತ್ತವರ ಮುಖ ಬಂದು ಹೋಯಿತು ಅಷ್ಟೇ. ಹಳೆಯದನ್ನು ತರುವುದಲ್ಲ ತೊಂದರೆ. ತಂದು ಏನು ಮಾಡುತ್ತಾರೆ ಅನ್ನುವುದರಲ್ಲಿ ಎಲ್ಲ ಇದೆ.

## ವಾಪಸ್ ಬಂದದ್ದು ಅದೇ ಸಿನಿಮಾನಾ?

ಮರುನೋಟದ ಚರ್ಚೆಯಲ್ಲಿ ಹೆಚ್ಚು ಜನ ಗಮನಿಸದ ಪ್ರಶ್ನೆ ಇದು. 'ಸ್ಟಾರ್ ವಾರ್ಸ್' ಮಾಡಿದ ಜಾರ್ಜ್ ಲೂಕಾಸ್ 1988ರಲ್ಲಿ ಅಮೆರಿಕದ ಕಾಂಗ್ರೆಸ್ ಮುಂದೆ ಹಳೇ ಚಿತ್ರಗಳನ್ನು ತಿದ್ದುವುದರ ವಿರುದ್ಧ ಮಾತಾಡಿದ್ದರು. ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಹಾಕುತ್ತಿದ್ದ ಕಾಲ ಅದು. 1997ರಲ್ಲಿ ಅವರೇ ತಮ್ಮ ಚಿತ್ರಕ್ಕೆ ಹೊಸ ಗ್ರಾಫಿಕ್ಸ್ ಸೇರಿಸಿದರು, ಒಂದು ದೃಶ್ಯದಲ್ಲಿ ಯಾರು ಮೊದಲು ಗುಂಡು ಹಾರಿಸಿದರು ಅನ್ನುವುದನ್ನೂ ಬದಲಾಯಿಸಿದರು. ಆಮೇಲೆ 1977ರ ಮೂಲ ರೂಪ ಒಳ್ಳೆಯ ಗುಣಮಟ್ಟದಲ್ಲಿ ಸಿಗುವುದೇ ಕಷ್ಟವಾಯಿತು. 2025ರ ಜೂನ್‌ನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಆ ಕಾಲದ ಒಂದು ಪ್ರಿಂಟ್ ತೋರಿಸಿದ್ದೇ ದೊಡ್ಡ ಸುದ್ದಿಯಾಯಿತು. ಐವತ್ತು ವರ್ಷ ತುಂಬುವ 2027ಕ್ಕೆ ಮೂಲ ರೂಪವನ್ನೇ ಥಿಯೇಟರ್‌ಗೆ ತರುವುದಾಗಿ ಲೂಕಾಸ್‌ಫಿಲ್ಮ್ ಹೇಳಿದೆ.

ತಿದ್ದುವುದೆಲ್ಲ ತಪ್ಪು ಅಂತಲ್ಲ. 'ಸೂಪರ್‌ಮ್ಯಾನ್ 2' ಚಿತ್ರದ ಬಹುಭಾಗವನ್ನು ರಿಚರ್ಡ್ ಡಾನರ್ ತೆಗೆದಿದ್ದರು. ನಿರ್ಮಾಪಕರ ಜೊತೆ ಜಗಳವಾಗಿ ಅವರನ್ನು ತೆಗೆದುಹಾಕಿ ರಿಚರ್ಡ್ ಲೆಸ್ಟರ್ ಕೈಯಲ್ಲಿ ಮುಗಿಸಿದರು. 2006ರಲ್ಲಿ ಡಾನರ್ ರೂಪ ಡಿವಿಡಿಯಲ್ಲಿ ಬಂತು. ಮಾರ್ಲನ್ ಬ್ರಾಂಡೊ ಅವರ ದೃಶ್ಯಗಳು ಮತ್ತೆ ಸೇರಿದವು. ಇಲ್ಲಿ ಎರಡೂ ರೂಪ ಸಿಗುತ್ತವೆ, ನೋಡುವವರೇ ಹೋಲಿಸಬಹುದು. ಒಂದು ಬಂದು ಇನ್ನೊಂದನ್ನು ಅಳಿಸಿದಾಗ ಮಾತ್ರ ನಷ್ಟ. 2024ರಲ್ಲಿ ಜೇಮ್ಸ್ ಕ್ಯಾಮರಾನ್ ಅವರ 'ಏಲಿಯನ್ಸ್', 'ಟ್ರೂ ಲೈಸ್' ಚಿತ್ರಗಳ 4ಕೆ ಡಿಸ್ಕ್ ಬಂದಾಗ, ಫಿಲ್ಮಿನ ಕಣಗಳು ಮಾಯವಾಗಿ ಮುಖಗಳು ಮೇಣದಂತೆ ಕಾಣುತ್ತವೆ ಅಂತ ಅಭಿಮಾನಿಗಳು ದೂರಿದ್ದೂ ಇದಕ್ಕೇ. ಹೊಸ ತಲೆಮಾರಿಗೆ ಸಿಗುವುದು ಆ ರೂಪ ಮಾತ್ರ ಆದರೆ, ಮೂಲ ಹೇಗಿತ್ತು ಅಂತ ಹೇಳಲು ಸಾಕ್ಷಿ ಇರುವುದಿಲ್ಲ.

## ಮುಂದೆ ಏನಾಗಬಹುದು?

ಎರಡನೇ ಅವಕಾಶದ ಬಾಗಿಲುಗಳು ಈಗ ಮುಚ್ಚುತ್ತಿವೆ. ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ಡಿವಿಡಿ ಬಾಡಿಗೆ ನಿಲ್ಲಿಸಿತು. ಡಿಸ್ಕ್ ಮಾರಾಟ ಇಳಿದಂತೆ, ಥಿಯೇಟರ್‌ನಲ್ಲಿ ಸೋತ ಚಿತ್ರಕ್ಕೆ ಆಮೇಲೆ ದುಡ್ಡು ಬರುವ ದಾರಿಯೂ ಇಳಿಯಿತು. ಹಾಗಾಗಿ ಮಧ್ಯಮ ಖರ್ಚಿನ ವಿಚಿತ್ರ ಪ್ರಯೋಗಗಳಿಗೆ ಸ್ಟುಡಿಯೊಗಳು ಹಿಂಜರಿಯುತ್ತವೆ. ಒಟಿಟಿಯಲ್ಲಿ ಬಂದದ್ದೂ ಉಳಿಯುತ್ತದೆ ಅಂತಿಲ್ಲ. 2023ರ ಮೇ ತಿಂಗಳಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಬಂದ 'ಕ್ರೇಟರ್' ಚಿತ್ರವನ್ನು ಏಳು ವಾರಕ್ಕೆ ಅಲ್ಲಿಂದ ತೆಗೆದರು. 2022ರ ಆಗಸ್ಟ್‌ನಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ, ಸುಮಾರು 9 ಕೋಟಿ ಡಾಲರ್ ಖರ್ಚು ಮಾಡಿ ಚಿತ್ರೀಕರಣ ಮುಗಿಸಿದ್ದ 'ಬ್ಯಾಟ್‌ಗರ್ಲ್' ಚಿತ್ರವನ್ನು ಬಿಡುಗಡೆ ಮಾಡದಿರಲು ತೀರ್ಮಾನಿಸಿತು. ನಷ್ಟ ತೋರಿಸಿ ತೆರಿಗೆಯ ಲಾಭ ಪಡೆಯುವುದು ಅದರ ಹಿಂದಿನ ಲೆಕ್ಕ ಅಂತ ವರದಿಗಳು ಹೇಳಿದವು. ಅದು ಚೆನ್ನಾಗಿತ್ತೋ ಇಲ್ಲವೋ ಅಂತ ತೀರ್ಮಾನಿಸುವ ಹಕ್ಕು ಪ್ರೇಕ್ಷಕರಿಗೆ ಸಿಗಲೇ ಇಲ್ಲ. 1994ರ 'ಫೆಂಟಾಸ್ಟಿಕ್ ಫೋರ್' ಉಳಿಯಲು ಒಂದು ಕಳ್ಳ ಕ್ಯಾಸೆಟ್ಟಾದರೂ ಇತ್ತು.

ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಮರುನೋಟಕ್ಕೆ ಸಿಗುವ 2020ರ ದಶಕದ ಕಲ್ಟ್ ಚಿತ್ರಗಳು ಕಡಿಮೆಯಾಗಬಹುದು. ಆಗಲೂ 1978, 1989, 2002ರ ಚಿತ್ರಗಳೇ ಸುತ್ತು ಹೊಡೆಯುತ್ತಿರಬಹುದು.

ಕಾನೂನೂ ಅದೇ ದಿಕ್ಕಿಗೆ ತಳ್ಳುತ್ತಿದೆ. ಅಮೆರಿಕದಲ್ಲಿ ಆ ಕಾಲದ ಕೃತಿಗಳ ಕಾಪಿರೈಟ್ 95 ವರ್ಷ. 1938ರಲ್ಲಿ ಕಾಮಿಕ್ಸ್‌ನಲ್ಲಿ ಬಂದ ಮೊದಲ ಸೂಪರ್‌ಮ್ಯಾನ್ 2034ರ ಜನವರಿಯಲ್ಲಿ ಸಾರ್ವಜನಿಕರ ಸ್ವತ್ತಾಗುತ್ತಾನೆ, ಬ್ಯಾಟ್‌ಮನ್ 2035ರಲ್ಲಿ. ಆಮೇಲೆ ಆ ಮೊದಲ ರೂಪದ ಸೂಪರ್‌ಮ್ಯಾನ್ ಸಿನಿಮಾವನ್ನು ಅಲ್ಲಿ ಯಾರು ಬೇಕಾದರೂ ಮಾಡಬಹುದು. ಆದರೆ 1978ರ ಸಿನಿಮಾ, ಅದಕ್ಕೆ ಜಾನ್ ವಿಲಿಯಮ್ಸ್ ಕೊಟ್ಟ ಸಂಗೀತ, ಆ ಹಾರಾಟದ ದೃಶ್ಯಗಳು ಹಕ್ಕುದಾರರ ಕೈಯಲ್ಲೇ ಇರುತ್ತವೆ. ಪಾತ್ರ ಎಲ್ಲರದ್ದಾದ ದಿನ, ತಮ್ಮದೇ ನಿಜವಾದ ಸೂಪರ್‌ಮ್ಯಾನ್ ಅಂತ ಹೇಳಿಕೊಳ್ಳಲು ಸ್ಟುಡಿಯೊ ಬಳಿ ಇರುವ ದೊಡ್ಡ ಆಸ್ತಿ ಈ ಹಳೇ ಚಿತ್ರಗಳೇ. 2025ರ ಹೊಸ 'ಸೂಪರ್‌ಮ್ಯಾನ್'ನಲ್ಲೂ ವಿಲಿಯಮ್ಸ್ ರಾಗದ ಛಾಯೆ ಕೇಳಿಸಿತ್ತು. 2034 ಹತ್ತಿರ ಬಂದಂತೆ ಅದು ಇನ್ನೂ ಜಾಸ್ತಿ ಕೇಳಿಸುವ ಸಾಧ್ಯತೆಯೇ ಹೆಚ್ಚು.